ಅಂಗೈಯ ಬೊಗಸೆಯಲ್ಲಿ ರೈಲು ಓಡಿಸಿದವರು: ಡೆಫೋರ್ಡ್ ಬೇಯ್ಲಿಯವರ ಜೀವನ

ಮೌತ್ ಆರ್ಗನ್ ಎಂದು ನಾವು ಕರೆಯುವ, ಪಾಶ್ಚಾತ್ಯರು ಹಾರ್ಮೋನಿಕಾ ಎನ್ನುವ ಪುಟ್ಟ ವಾದ್ಯವನ್ನು ಕಾಣದವರು ನಮ್ಮ ವಾಚಕರಲ್ಲಿ ವಿರಳ. ಜಾತ್ರೆಯ ಅಂಗಡಿಗಳಲ್ಲಿ ಮಕ್ಕಳ ಆಟಿಕೆಗಳ ಸಾಲಿನಲ್ಲಿ ಅದಕ್ಕೂ ಒಂದು ಸ್ಥಾನವುಂಟು. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಅವರ ಪಾತ್ರ ಅದನ್ನು ನುಡಿಸುತ್ತ ಕುಳಿತ ದೃಶ್ಯವನ್ನು ಮುಂಬಯಿಯ ನಮ್ಮವರು ಮರೆತಿರಲಾರರು. ಜೇಬಿನಲ್ಲಿ ಅಡಗುವ, ಅಲ್ಪ ಬೆಲೆಗೆ ದೊರೆಯುವ, ಗುರುವಿಲ್ಲದೆಯೂ ಊದಬಹುದಾದ ವಾದ್ಯವೆಂಬ ಕಾರಣಕ್ಕೋ ಏನೋ, ಸಂಗೀತಸಭೆಗಳಲ್ಲಿ ಅದಕ್ಕೆ ಗೌರವದ ಪೀಠ ದೊರೆತುದು ಕಡಿಮೆ. ಆದರೆ ಇದೇ ಆಟಿಕೆಯನ್ನು ಎರಡು ಅಂಗೈಗಳ ನಡುವೆ ಹಿಡಿದು, ಬೇಟೆನಾಯಿಗಳ ಕೂಗನ್ನೂ ಉಗಿಬಂಡಿಯ ಓಟವನ್ನೂ ಲಕ್ಷಾಂತರ ಜನರ ಮನೆಗಳಿಗೆ ಮುಟ್ಟಿಸಿದ ಒಬ್ಬ ಕಲಾವಿದರು ಅಮೆರಿಕದಲ್ಲಿದ್ದರು. ಅವರ ಹೆಸರು ಡೆಫೋರ್ಡ್ ಬೇಯ್ಲಿ. ಮನೆಯಾಳಾಗಿ, ಲಿಫ್ಟ್ ನಡೆಸುವವರಾಗಿ, ಕೊನೆಗೆ ಜೋಡುಗಳಿಗೆ ಪಾಲಿಶ್ ಹಾಕುವವರಾಗಿ ದುಡಿದ ಅವರ ಬಾಳನ್ನು ನಮ್ಮ ಶ್ರಮಜೀವಿ ಬಂಧುಗಳ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಬೇಯ್ಲಿಯವರು ಜನಿಸಿದುದು 1899ರ ಡಿಸೆಂಬರ್ 14ರಂದು, ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿರುವ ಟೆನೆಸೀ ರಾಜ್ಯದ ಸ್ಮಿತ್ ಕೌಂಟಿಯಲ್ಲಿ, ಬೆಲ್‌ವುಡ್ ಎಂಬ ಹಳ್ಳಿಯ ಸಮೀಪ. ಅವರದು ಕಪ್ಪು ವರ್ಣೀಯರ ಕುಟುಂಬ. ಗುಲಾಮಗಿರಿ ಕಾನೂನಿನಿಂದ ಅಳಿದುದು 1865ರಲ್ಲಿ. ಅವರ ಅಜ್ಜ ಆ ದುಃಸ್ಥಿತಿಯನ್ನು ಸ್ವತಃ ಅನುಭವಿಸಿದವರು. ಬಡತನವಿದ್ದ ಆ ಮನೆತನದಲ್ಲಿ ಸಂಗೀತಕ್ಕೆ ಬಡತನವಿರಲಿಲ್ಲ. ಅಜ್ಜ ಪಿಟೀಲು ನುಡಿಸುತ್ತಿದ್ದರು. ಬಂಧುಗಳಲ್ಲಿ ಬ್ಯಾಂಜೋ, ಗಿಟಾರು, ಮೌತ್ ಆರ್ಗನ್ ಬಲ್ಲವರು ಹಲವರಿದ್ದರು. ಮಗುವಿಗೆ ಇನ್ನೂ ತಿಳಿವಳಿಕೆ ಬರುವ ಮೊದಲೇ ತಾಯಿ ತೀರಿಕೊಂಡರು. ತಂದೆಯ ಸೋದರಿ ಬಾರ್ಬರಾ ಲೂ ಮತ್ತು ಆಕೆಯ ಪತಿ ಕ್ಲಾರ್ಕ್ ಓಡಮ್ ಆ ಶಿಶುವನ್ನು ತಮ್ಮದಾಗಿಸಿಕೊಂಡು ಸಾಕಿದರು.

ಬಾಲಕನಿಗೆ 3 ವರ್ಷವಾದಾಗ ಪೋಲಿಯೋ ತಗುಲಿತು. ಸುಮಾರು ಒಂದು ವರ್ಷ ಕಾಲ ಹಾಸಿಗೆಯೇ ಅವನ ಪ್ರಪಂಚವಾಯಿತು. ತಲೆಯನ್ನೂ ಕೈಗಳನ್ನೂ ಬಿಟ್ಟರೆ ಬೇರಾವ ಅಂಗವೂ ಮಾತು ಕೇಳುತ್ತಿರಲಿಲ್ಲ. ಅಳುವ ಮಗುವನ್ನು ಸಂತೈಸಲು ಹಿರಿಯರು ಅದರ ಕೈಗೆ ಒಂದು ಮೌತ್ ಆರ್ಗನ್ ಕೊಟ್ಟರು. ಮಲಗಿದ್ದಲ್ಲಿಂದಲೇ ಬಾಲಕ ಹೊರಗಿನ ಲೋಕವನ್ನು ಕಿವಿಯಿಂದ ನೋಡಲು ಕಲಿತ. ನರಿಯನ್ನಟ್ಟಿ ಓಡುವ ಬೇಟೆನಾಯಿಗಳ ಬೊಗಳು, ಅಂಗಳದ ಹೇಂಟೆಯ ಕಲಕಲ, ದೂರದ ರೈಲಿನ ಸಿಳ್ಳು, ಇವೆಲ್ಲ ಗೋಡೆಯನ್ನು ದಾಟಿ ಬರುತ್ತಿದ್ದುವು. ಅವನು ಅವುಗಳನ್ನು ವಾದ್ಯದಲ್ಲಿ ಹುಡುಕುತ್ತಿದ್ದ. ರೋಗ ಪ್ರಾಣವನ್ನು ಒಯ್ಯಲಿಲ್ಲ, ಆದರೆ ಬೆಳವಣಿಗೆಯನ್ನು ಕುಂಠಿತಗೊಳಿಸಿತು. ಪ್ರಾಯಕ್ಕೆ ಬಂದ ಮೇಲೂ ಅವರ ಎತ್ತರ 5 ಅಡಿಯನ್ನು ಮುಟ್ಟಲಿಲ್ಲ. ಬೆನ್ನು ಕೊಂಚ ಬಾಗಿಯೇ ಉಳಿಯಿತು. ಹೊಲದ ಕಠಿಣ ದುಡಿಮೆ ಆ ದೇಹಕ್ಕೆ ಸಲ್ಲುವಂತಿರಲಿಲ್ಲ.

ನಡೆಯುವಂತಾದ ಮೇಲೆ ಶಾಲೆಯ ದಾರಿಯಲ್ಲಿ ಒಂದು ರೈಲು ಸೇತುವೆ ಅವನ ಎರಡನೆಯ ಪಾಠಶಾಲೆಯಾಯಿತು. ಸೇತುವೆಯ ಕೆಳಗೆ ನಿಂತು, ಕಣ್ಣು ಮುಚ್ಚಿಕೊಂಡು, ತಲೆಯ ಮೇಲೆ ಗಾಡಿ ಹಾಯ್ದುಹೋಗುವ ಸದ್ದನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದ. ಬಳಿಕ ಶಾಲೆ ಸೇರುವವರೆಗೂ ಅದನ್ನು ನುಡಿಸಿ ನೋಡುತ್ತಿದ್ದ. ಇಂದು ಇಷ್ಟು ದೊರೆತರೆ ನಾಳೆ ಇನ್ನಷ್ಟು. ಹೀಗೆ ವರುಷಗಳ ಮೇಲೆ ವರುಷ ಕಳೆದು ಆ ಗಾಡಿ ಅವನ ಉಸಿರಿನಲ್ಲಿ ನೆಲೆಸಿತು.

ಇಲ್ಲಿ ವಾದ್ಯದ ಮರ್ಮವನ್ನು ಕೊಂಚ ವಿವರಿಸುವುದು ಅವಶ್ಯ. ಸಾಮಾನ್ಯ ಮೌತ್ ಆರ್ಗನ್ನಿಗೆ 10 ರಂಧ್ರಗಳು, ಅವುಗಳ ಒಳಗೆ 20 ಹಿತ್ತಾಳೆಯ ನಾಲಗೆಗಳು. ಪ್ರತಿಯೊಂದು ರಂಧ್ರದಲ್ಲಿಯೂ ಊದಿದಾಗ ಕಂಪಿಸುವ ನಾಲಗೆ ಒಂದು, ಉಸಿರೆಳೆದಾಗ ಕಂಪಿಸುವುದು ಇನ್ನೊಂದು. ಹೊರಹೋಗುವ ಉಸಿರೂ ಒಳಬರುವ ಉಸಿರೂ ಎರಡೂ ನಾದವಾಗುವುದು ಈ ವಾದ್ಯದ ವಿಶೇಷ. ಆದರೆ ನಾಲಗೆಯಿಂದ ಹೊರಟ ನಾದ ಹಸಿಯಾಗಿರುತ್ತದೆ, ತೆಳ್ಳಗಿರುತ್ತದೆ. ಅದನ್ನು ಪಕ್ವಗೊಳಿಸುವ ಕಾರ್ಯ ಕೈಗಳದು.

ವಾದಕನು ಒಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ವಾದ್ಯವನ್ನು ಹಿಡಿಯುತ್ತಾನೆ. ಇನ್ನೊಂದು ಕೈಯನ್ನು ತಂದು, ಎರಡು ಅಂಗೈಗಳ ಬುಡವನ್ನು ಜೋಡಿಸಿ, ಬೆರಳುಗಳನ್ನು ಬಾಗಿಸಿ, ವಾದ್ಯದ ಹಿಂದೆ ಒಂದು ಗೂಡನ್ನು ನಿರ್ಮಿಸುತ್ತಾನೆ. ನೀರು ಕುಡಿಯಲು ಬೊಗಸೆ ಹಿಡಿದಂತೆ ಅದು. ಆದರೆ ನೀರಿನ ಬದಲು ಅಲ್ಲಿ ನಿಲ್ಲುವುದು ಗಾಳಿ. ಸಂದುಗಳಿಲ್ಲದೆ ಗೂಡನ್ನು ಮುಚ್ಚಿದಾಗ ನಾದದಲ್ಲಿನ ಕಿರಿದಾದ, ಚುರುಕಾದ ಅಂಶಗಳು ಒಳಗೇ ಉಡುಗುತ್ತವೆ. ಧ್ವನಿ ಮಂದವಾಗಿ, ದುಂಡಾಗಿ, ಗೋಡೆಯಾಚೆಯಿಂದ ಬಂದಂತೆ ಕೇಳುತ್ತದೆ. ಹೊರಗೈಯನ್ನು ಬಾಗಿಲಿನಂತೆ ತೆರೆದ ಕೂಡಲೆ ಧ್ವನಿ ಬೆಳಗುತ್ತದೆ, ದೊಡ್ಡದಾಗುತ್ತದೆ. ಉಸಿರಿನ ಬಲವನ್ನು ಹೆಚ್ಚಿಸದೆಯೇ ಕೇವಲ ಕೈಯ ಚಲನೆಯಿಂದ ನಾದವನ್ನು ಹಿಗ್ಗಿಸಲೂ ಕುಗ್ಗಿಸಲೂ ಸಾಧ್ಯವಾಗುವುದು ಹೀಗೆ. ನಮ್ಮ ಘಟವಾದ್ಯದ ವಿದ್ವಾಂಸರು ಗಡಿಗೆಯ ಬಾಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ, ನಾದವನ್ನು ಬದಲಿಸುವುದನ್ನು ನೋಡಿದವರಿಗೆ ಈ ತತ್ತ್ವ ಹೊಸದೆನಿಸದು.

ಇನ್ನೂ ಒಂದು ಉದಾಹರಣೆಯನ್ನು ವಾಚಕರು ತಮ್ಮ ಬಾಯಿಯಲ್ಲಿಯೇ ಪರೀಕ್ಷಿಸಬಹುದು. ತುಟಿಗಳನ್ನು ಕೂಡಿಸಿ ಉಕಾರವನ್ನು ಉಚ್ಚರಿಸುತ್ತ ಮೆಲ್ಲನೆ ಬಾಯ್ತೆರೆದು ಆಕಾರಕ್ಕೆ ಬನ್ನಿರಿ. ಗಂಟಲಿನ ಧ್ವನಿ ಒಂದೇ ಆದರೂ ಅಕ್ಷರ ಬದಲಾಗುತ್ತದೆ. ಅಂಗೈಗಳ ಗೂಡು ವಾದಕನಿಗೆ ಎರಡನೆಯ ಬಾಯಿ. ಅದನ್ನು ಮೆಲ್ಲನೆ ತೆರೆದರೆ ವಾದ್ಯ ಮಗುವಿನಂತೆ ಅಳುತ್ತದೆ. ಒಮ್ಮೆಲೆ ತೆರೆದು ಮುಚ್ಚಿದರೆ ನಾಯಿಯಂತೆ ಬೊಗಳುತ್ತದೆ. ಬೆರಳುಗಳನ್ನು ರೆಕ್ಕೆಯಂತೆ ಬಡಿದರೆ ನಾದಕ್ಕೆ ನಡುಕ ಬರುತ್ತದೆ. ರೈಲನ್ನು ನುಡಿಸುವ ಬಗೆಯೂ ಇದೇ. ಉಸಿರನ್ನು ಚಿಕ್ಕಚಿಕ್ಕದಾಗಿ ಎಳೆದು ಬಿಟ್ಟು ಚಕ್ರಗಳ ಲಯವನ್ನು ಹಿಡಿಯಬೇಕು. ಮೊದಲು ವಿಳಂಬ, ಕ್ರಮೇಣ ದ್ರುತ. ಸಿಳ್ಳು ದೂರದಲ್ಲಿರುವಾಗ ಕೈಗಳು ಮುಚ್ಚಿರಬೇಕು, ಗಾಡಿ ಸಮೀಪಿಸಿದಂತೆ ತೆರೆಯಬೇಕು. ಎದುರಿನಿಂದ ಬಂದ ಗಾಡಿ ನಮ್ಮನ್ನು ದಾಟಿದೊಡನೆ ಅದರ ಸಿಳ್ಳಿನ ಸ್ಥಾಯಿ ತಗ್ಗುವುದನ್ನು ನಿಲ್ದಾಣದಲ್ಲಿ ನಿಂತವರೆಲ್ಲರೂ ಬಲ್ಲರು. ಬಾಯಿಯ ಒಳಗನ್ನು ಮಾರ್ಪಡಿಸಿ, ಉಸಿರೆಳೆಯುವ ಸ್ವರವನ್ನು ಬಾಗಿಸಿ ಆ ಇಳಿತವನ್ನೂ ತೋರಿಸಬೇಕು. ಆಮೇಲೆ ಕೈಗಳು ಮತ್ತೆ ಮುಚ್ಚಿಕೊಳ್ಳುತ್ತವೆ, ಗಾಡಿ ದಿಗಂತಕ್ಕೆ ಸರಿಯುತ್ತದೆ. ಒಂದು ವರ್ಷ ಕೈಗಳನ್ನಲ್ಲದೆ ಬೇರೇನನ್ನೂ ಆಡಿಸಲಾಗದೆ ಮಲಗಿದ್ದ ಬಾಲಕನಿಗೆ ಈ ವಿದ್ಯೆ ಕರಗತವಾಯಿತೆಂಬ ಮಾತು ಅಕ್ಷರಶಃ ಸತ್ಯ.

1918ರಲ್ಲಿ ಬೇಯ್ಲಿಯವರು ಟೆನೆಸೀಯ ರಾಜಧಾನಿಯಾದ ನ್ಯಾಶ್‌ವಿಲ್ಲಿಗೆ ಬಂದರು. ಹಳ್ಳಿಯಿಂದ ಪಟ್ಟಣಕ್ಕೆ ಬಂದ ತರುಣನಿಗೆ ದೊರೆಯುವ ಉದ್ಯೋಗಗಳೇ ಅವರಿಗೂ ದೊರೆತುವು. ಶ್ರೀಮಂತರ ಮನೆಯಲ್ಲಿ ಆಳಾಗಿ ದುಡಿದರು. ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿದರು. ಯಜಮಾನರ ಅತಿಥಿಗಳ ಮುಂದೆಯೋ, ಮಹಡಿಯಿಂದ ಮಹಡಿಗೆ ಹೋಗುವವರ ಮುಂದೆಯೋ ನುಡಿಸುವ ಅವಕಾಶ ಆಗಾಗ ಸಿಗುತ್ತಿತ್ತು. ವೇದಿಕೆಯೆಂಬುದು ಇನ್ನೂ ದೂರವಿತ್ತು.

1925ರ ಅಕ್ಟೋಬರ್ 5ರಂದು ನ್ಯಾಶ್‌ವಿಲ್ಲಿನ ಒಂದು ವಿಮಾ ಕಂಪನಿ ತನ್ನದೇ ರೇಡಿಯೋ ನಿಲಯವನ್ನು ಆರಂಭಿಸಿತು. ಅದರ ಹೆಸರು ಡಬ್ಲ್ಯು. ಎಸ್. ಎಂ. ಲಕ್ಷೋಪಲಕ್ಷ ಜನರನ್ನು ಕಾಯುವವರು ತಾವೆಂಬ ಕಂಪನಿಯ ಘೋಷವಾಕ್ಯದ ಮೊದಲಕ್ಷರಗಳೇ ಅವು. ಶನಿವಾರ ರಾತ್ರಿ ಹಳ್ಳಿಯ ಸಂಗೀತವನ್ನು ಪ್ರಸಾರ ಮಾಡಿ, ಅದರ ಜನಪ್ರಿಯತೆಯ ಬಲದಿಂದ ಪಾಲಿಸಿಗಳನ್ನು ಮಾರುವುದು ಅವರ ಯೋಜನೆಯಾಗಿತ್ತು. ಹಂಫ್ರಿ ಬೇಟ್ ಎಂಬವರು ವೃತ್ತಿಯಲ್ಲಿ ವೈದ್ಯರು, ಪ್ರವೃತ್ತಿಯಲ್ಲಿ ಮೌತ್ ಆರ್ಗನ್ ವಾದಕರು, ಬಿಳಿಯರು. ಬೇಯ್ಲಿಯವರ ವಾದನವನ್ನು ಕೇಳಿದ್ದ ಅವರು, ನಿಲಯದವರ ಹಿಂಜರಿಕೆಯನ್ನು ಲೆಕ್ಕಿಸದೆ, ತಮ್ಮ ಹೊಣೆಯ ಮೇಲೆ ಅವರನ್ನು ಒಳಗೆ ಕರೆದೊಯ್ದರು. ಅಂದಿನಿಂದ ಆ ಕಾರ್ಯಕ್ರಮದಲ್ಲಿ ಬೇಯ್ಲಿಯವರ ಸ್ಥಾನ ಸ್ಥಿರವಾಯಿತು. ಪಕ್ಕವಾದ್ಯವಿಲ್ಲ, ಹಾಡುಗಾರನಿಲ್ಲ, ಮೈಕಿನ ಮುಂದೆ ಒಬ್ಬ ಕುಳ್ಳ ಮನುಷ್ಯ, ಎರಡು ಕೈ, ಒಂದು ಮೌತ್ ಆರ್ಗನ್.

1927ರ ಡಿಸೆಂಬರ್ 10ರ ರಾತ್ರಿ ನಡೆದ ಘಟನೆ ಅಮೆರಿಕದ ಸಂಗೀತದ ಇತಿಹಾಸದಲ್ಲಿ ಸೇರಿಹೋಗಿದೆ. ಆ ರಾತ್ರಿ ವಾಲ್ಟರ್ ಡ್ಯಾಮ್ರಾಷ್ ಎಂಬ ಪ್ರಸಿದ್ಧ ನಿರ್ದೇಶಕರ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ಮುಗಿದ ಮೇಲೆ ಹಳ್ಳಿಯ ಸಂಗೀತದ ಸರದಿ. ಆ ಶಾಸ್ತ್ರೀಯ ಕಾರ್ಯಕ್ರಮದಲ್ಲಿ ರೈಲಿನ ವೇಗವನ್ನು ವಾದ್ಯವೃಂದದಿಂದ ಚಿತ್ರಿಸುವ ಕೃತಿಯೊಂದು ಬಂದಿತ್ತು. ನಿಲಯದ ನಿರೂಪಕರಾದ ಜಾರ್ಜ್ ಹೇ ಅವರು, ಇನ್ನು ಕೇಳಬರುವುದು ನೆಲದ ಮಕ್ಕಳ ಸಂಗೀತವೆಂದು ಪ್ರಕಟಿಸಿ ಬೇಯ್ಲಿಯವರನ್ನು ಕರೆದರು. ಬೇಯ್ಲಿಯವರು ನುಡಿಸಿದುದು 'ಪ್ಯಾನ್ ಅಮೆರಿಕನ್ ಬ್ಲೂಸ್'. ಸಿನ್ಸಿನಾಟಿಯಿಂದ ನ್ಯಾಶ್‌ವಿಲ್ಲಿನ ಮಾರ್ಗವಾಗಿ ನ್ಯೂ ಆರ್ಲಿಯನ್ಸಿಗೆ ಓಡುತ್ತಿದ್ದ ಪ್ಯಾನ್ ಅಮೆರಿಕನ್ ಎಂಬ ಗಾಡಿಯ ಚಿತ್ರ ಅದು. ದೊಡ್ಡ ವಾದ್ಯವೃಂದ ಮಾಡಿದ ಕೆಲಸವನ್ನು ಎರಡು ಅಂಗೈಗಳು ಮಾಡಿ ಮುಗಿಸಿದುವು. ಅದಾದೊಡನೆ ಹೇ ಅವರಿಗೆ ಒಂದು ವಿನೋದ ಹೊಳೆಯಿತು. ಈವರೆಗೆ ಕೇಳಿದುದು ಭವ್ಯ ಒಪೆರಾ ಆಗಿದ್ದರೆ ಇದು ಹಳ್ಳಿಗರ ಬಾಯಿಯ 'ಗ್ರ್ಯಾಂಡ್ ಓಲ್ ಆಪ್ರಿ' ಎಂದು ಅವರು ಕಾರ್ಯಕ್ರಮಕ್ಕೆ ಹೆಸರಿಟ್ಟರು. ಆ ಹೆಸರು ಇಂದಿಗೂ ಉಳಿದಿದೆ. ನ್ಯಾಶ್‌ವಿಲ್ ನಗರದ ಸಂಗೀತಕೀರ್ತಿಯ ಮೂಲಸ್ತಂಭ ಅದೇ.

1928ರ 52 ವಾರಗಳಲ್ಲಿ 49 ವಾರ ಬೇಯ್ಲಿಯವರು ಆಪ್ರಿಯಲ್ಲಿ ನುಡಿಸಿದರು. ಅಷ್ಟು ಸಲ ಕಾಣಿಸಿಕೊಂಡ ಕಲಾವಿದರು ಬೇರೊಬ್ಬರಿರಲಿಲ್ಲ. 1927ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ಬ್ರನ್ಸ್‌ವಿಕ್ ಕಂಪನಿ ಅವರ ವಾದನವನ್ನು ಗ್ರಾಮಾಫೋನ್ ತಟ್ಟೆಗಳಿಗೆ ಇಳಿಸಿಕೊಂಡಿತ್ತು. ರೈಲಿನ ಜೊತೆಗೆ ನರಿಯ ಬೇಟೆ, ಹೇಂಟೆಯ ಕೂಗು ಮೊದಲಾದುವೂ ಅಲ್ಲಿ ಮುದ್ರಿತವಾದುವು. 1928ರ ಅಕ್ಟೋಬರಿನಲ್ಲಿ ವಿಕ್ಟರ್ ಕಂಪನಿ ನ್ಯಾಶ್‌ವಿಲ್ಲಿಗೇ ಬಂದು ಧ್ವನಿಮುದ್ರಣ ನಡೆಸಿತು. ಮುಂದೆ ಧ್ವನಿಮುದ್ರಣಕ್ಕೆ ಜಗತ್ಪ್ರಸಿದ್ಧವಾದ ಆ ನಗರದ ಮೊದಮೊದಲ ತಟ್ಟೆಗಳಲ್ಲಿ ಬೇಯ್ಲಿಯವರವೂ ಸೇರಿದ್ದುವು. 1929ರಲ್ಲಿ ಅವರಿಗೆ ವಿವಾಹವಾಯಿತು, ಮೂವರು ಮಕ್ಕಳಾದರು. 1932ರಲ್ಲಿ ರೇಡಿಯೋ ನಿಲಯದ ಶಕ್ತಿ 50,000 ವ್ಯಾಟ್‌ಗಳಿಗೆ ಏರಿತು. ಅನೇಕ ರಾಜ್ಯಗಳ ಹಳ್ಳಿಹಳ್ಳಿಗಳಲ್ಲಿ ಜನರು ಶನಿವಾರ ರಾತ್ರಿ ಆ ರೈಲಿಗಾಗಿ ಕಾದರು. ರೇಡಿಯೋ ಮುಖವನ್ನು ತೋರಿಸುವುದಿಲ್ಲ. ನುಡಿಸುವವರು ಕಪ್ಪು ವರ್ಣೀಯರೆಂಬುದು ಕೇಳುಗರಲ್ಲಿ ಎಷ್ಟೋ ಮಂದಿಗೆ ತಿಳಿದಿರಲೂ ಇಲ್ಲ.

ಆದರೆ ರೇಡಿಯೋ ಮರೆಮಾಡಿದುದನ್ನು ರಸ್ತೆ ಬಯಲು ಮಾಡುತ್ತಿತ್ತು. ಆಪ್ರಿಯ ಕಲಾವಿದರು ಊರೂರು ಸುತ್ತಿ ಕಾರ್ಯಕ್ರಮ ಕೊಡುತ್ತಿದ್ದರು. ಅಂಕಲ್ ಡೇವ್ ಮೇಕನ್, ರಾಯ್ ಏಕಫ್, ಬಿಲ್ ಮನ್ರೋ ಮುಂತಾದ ಬಿಳಿಯ ಕಲಾವಿದರ ಸಂಗಡ ಬೇಯ್ಲಿಯವರೂ ಹೋಗುತ್ತಿದ್ದರು. ಏಕಫ್ ಮತ್ತು ಮನ್ರೋ ಆಗಿನ್ನೂ ಹೊಸಬರು. ಜನ ನೆರೆಯುತ್ತಿದ್ದುದು ಬೇಯ್ಲಿಯವರ ಹೆಸರಿಗಾಗಿ. ಗಲ್ಲಾಪೆಟ್ಟಿಗೆ ಎಷ್ಟು ತುಂಬಿದರೂ ಅವರಿಗೆ ಸಲ್ಲುತ್ತಿದ್ದುದು ದಿನಕ್ಕೆ 5 ಡಾಲರಿನ ಗೊತ್ತಾದ ಕೂಲಿ. ಸಭೆ ಮುಗಿದ ಮೇಲೆ ಹೋಟೆಲಿಗೆ ಹೋದರೆ ಬಿಳಿಯರಿಗೆ ಮೀಸಲಾದ ಆ ಕಟ್ಟಡಗಳಲ್ಲಿ ಅವರಿಗೆ ಕೋಣೆಯಿಲ್ಲ, ಊಟದ ಮೇಜಿಲ್ಲ. ಆಗ ಮೇಕನ್ ಅವರು ಒಂದು ಉಪಾಯ ಹೂಡುತ್ತಿದ್ದರು. ಈತ ತಮ್ಮ ಖಾಸಗಿ ಸೇವಕನೆಂದು ಗುಮಾಸ್ತೆಗೆ ಹೇಳಿ ತಮ್ಮ ಕೋಣೆಗೇ ಕರೆದೊಯ್ಯುತ್ತಿದ್ದರು. ಕಲಾವಿದನಿಗೆ ಮುಚ್ಚಿದ ಬಾಗಿಲು ಸೇವಕನಿಗೆ ತೆರೆಯುತ್ತಿತ್ತು. ಹೋಟೆಲಿನ ಲೆಡ್ಜರಿನಲ್ಲಿ ಮನುಷ್ಯನೊಬ್ಬ ಯಾವ ಹೆಸರಿನಿಂದ ನಮೂದಾಗುತ್ತಾನೆಂಬುದರಲ್ಲಿ ಎಷ್ಟು ನೋವು ಅಡಗಿರಬಹುದೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹದಿನೈದು ವರ್ಷಗಳ ಸೇವೆಯ ಬಳಿಕ, 1941ರಲ್ಲಿ ಆಪ್ರಿ ಅವರನ್ನು ಕೈಬಿಟ್ಟಿತು. ಆ ವರ್ಷ ಅಮೆರಿಕದ ರೇಡಿಯೋ ನಿಲಯಗಳಿಗೂ ಹಾಡುಗಳ ಹಕ್ಕುಸ್ವಾಮ್ಯವನ್ನು ಹೊಂದಿದ್ದ ಸಂಘಕ್ಕೂ ಶುಲ್ಕದ ವಿಷಯದಲ್ಲಿ ಜಗಳ ಹತ್ತಿತು. ಆ ಸಂಘಕ್ಕೆ ಸೇರಿದ ಹಾಡುಗಳನ್ನು ನಿಲಯಗಳು ಪ್ರಸಾರ ಮಾಡದಾದುವು. ಬೇಯ್ಲಿಯವರ ಜನಪ್ರಿಯ ಮಟ್ಟುಗಳಲ್ಲಿ ಕೆಲವು ಈ ನಿರ್ಬಂಧಕ್ಕೆ ಸಿಕ್ಕಿಬಿದ್ದುವು. ಹಳೆಯದನ್ನೇ ನುಡಿಸಬೇಕೆಂದು ವರುಷಗಳ ಕಾಲ ಅವರಿಗೆ ಹೇಳುತ್ತ ಬಂದಿದ್ದವರೇ ಈಗ ಹೊಸದನ್ನು ಕಲಿಯಲಿಲ್ಲವೆಂಬ ದೂಷಣೆ ಹೊರಿಸಿದರು. 1945ರಲ್ಲಿ ಹೇ ಅವರು ಪ್ರಕಟಿಸಿದ ಆಪ್ರಿಯ ಚರಿತ್ರೆಯಲ್ಲಿ ಬೇಯ್ಲಿಯವರು ತಂಡದ ಶುಭಚಿಹ್ನೆಯಂತಿದ್ದವರು, ಆದರೆ ಸೋಮಾರಿ ಎಂಬರ್ಥದ ಮಾತುಗಳು ಅಚ್ಚಾದುವು. ಬೇಯ್ಲಿಯವರು ಈ ಆರೋಪವನ್ನು ಕಡೆಯವರೆಗೂ ಒಪ್ಪಲಿಲ್ಲ. ಯಾರ ಕೈಯಿಂದ ಆ ಸಂಸ್ಥೆಗೆ ಹೆಸರು ಹುಟ್ಟಿತೋ ಅದೇ ಕೈಗಳು ಸೋಮಾರಿಯ ಕೈಗಳೆಂದು ಸಂಸ್ಥೆಯ ದಫ್ತರ ಬರೆದುಕೊಂಡಿತು.

ಅನಂತರದ ಮೂವತ್ತು ವರ್ಷ ಅವರ ಜೀವನೋಪಾಯ ಜೋಡುಗಳ ಪಾಲಿಶ್. ನ್ಯಾಶ್‌ವಿಲ್ಲಿನ ಟ್ವೆಲ್ಫ್ತ್ ಅವೆನ್ಯೂ ಸೌತ್ ಬೀದಿಯಲ್ಲಿ ಅವರ ಅಂಗಡಿಯಿತ್ತು. ರೇಡಿಯೋದ ಸಂಪಾದನೆ ಸಾಲದೆಂದು ಅರಿತಿದ್ದ ಅವರು ಮೊದಲಿನಿಂದಲೇ ಈ ಕಸಬನ್ನು ಬೆಳೆಸಿಕೊಂಡಿದ್ದರು. ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಸುಟ್ಟ ಮಾಂಸದ ತಿಂಡಿಯ ವ್ಯಾಪಾರವನ್ನೂ ನಡೆಸಿದರು. ಯಾರ ಮುಂದೆಯೂ ಕೈಚಾಚಲಿಲ್ಲ. ಈ ಅವಧಿಯಲ್ಲಿ ಸಂಗೀತದ ಉದ್ಯಮ ಕೋಟಿಗಟ್ಟಲೆ ಡಾಲರುಗಳಿಗೆ ಬೆಳೆಯಿತು. ಅವರೊಂದಿಗೆ ಊರೂರು ಸುತ್ತಿದ ಹೊಸಬರು ಜಗತ್ಪ್ರಸಿದ್ಧರಾದರು. ಬ್ರಶ್ಶು ಹಿಡಿದ ಕೈಗಳು ಮೌತ್ ಆರ್ಗನ್ನನ್ನು ಬಿಡಲಿಲ್ಲ; ಆದರೆ ಸಾರ್ವಜನಿಕ ವೇದಿಕೆಗೆ ಅವರು ಅಪೂರ್ವವಾಗಿ ಮಾತ್ರ ಬಂದರು. ಆಮಂತ್ರಣಗಳು ಬಂದುವು, ಚಲನಚಿತ್ರವೊಂದರ ಕರೆಯೂ ಬಂದಿತು. ತಕ್ಕ ಪ್ರತಿಫಲವಿಲ್ಲದೆ ತಮ್ಮ ವಿದ್ಯೆಯನ್ನು ಇನ್ನೊಮ್ಮೆ ಒಪ್ಪಿಸಲು ಅವರು ಸಿದ್ಧರಿರಲಿಲ್ಲ. ಕೆಲವರು ಇದನ್ನು ಹಟವೆಂದರು. ಒಮ್ಮೆ ಅಗ್ಗವಾಗಿ ಮಾರಾಟವಾದವನಿಗೆ ತನ್ನ ಬೆಲೆ ತಾನೇ ಕಟ್ಟಿಕೊಳ್ಳುವ ಅಧಿಕಾರವುಂಟೆಂದು ನಾವು ತಿಳಿಯುತ್ತೇವೆ.

1970ರ ದಶಕದ ಆರಂಭದಲ್ಲಿ ನಗರ ಸುಧಾರಣೆಯ ನಿಮಿತ್ತ ಅವರ ಮನೆಮಾರು ಹೋಯಿತು. ವೃದ್ಧರಿಗಾಗಿ ಸರಕಾರ ಕಟ್ಟಿಸಿದ್ದ ವಸತಿಗೃಹದಲ್ಲಿ ಅವರು ನೆಲೆಸಿದರು. ಅಲ್ಲಿಯೇ ಅವರ ಭಾಗ್ಯ ಸ್ವಲ್ಪ ತಿರುಗಿತು. ವಸತಿ ಇಲಾಖೆಯ ನೌಕರರಾಗಿದ್ದ ಡೇವಿಡ್ ಮಾರ್ಟನ್ ಎಂಬ ತರುಣರು ಈ ವೃದ್ಧರು ಯಾರೆಂಬುದನ್ನು ಅರಿತು ಅವರ ಸ್ನೇಹ ಸಂಪಾದಿಸಿದರು. ಅವರ ಮಾತುಗಳನ್ನೂ ವಾದನವನ್ನೂ ಟೇಪಿನಲ್ಲಿ ಸಂಗ್ರಹಿಸಿದರು; 1991ರಲ್ಲಿ ಚಾರ್ಲ್ಸ್ ವುಲ್ಫ್ ಎಂಬ ವಿದ್ವಾಂಸರೊಡನೆ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಒಬ್ಬ ಸಾಮಾನ್ಯ ಕಚೇರಿ ನೌಕರ ತನ್ನ ದಿನನಿತ್ಯದ ಕೆಲಸದ ನಡುವೆ ಕಣ್ಣು ತೆರೆದಿಟ್ಟುದರಿಂದ ಒಂದು ವಿದ್ಯೆಯ ದಾಖಲೆ ಉಳಿಯಿತು. ಅವರಿಬ್ಬರ ಆ ಟೇಪುಗಳು ಇಲ್ಲದಿದ್ದರೆ ನಮಗೆ ಉಳಿಯುತ್ತಿದ್ದುದು 1927 ಮತ್ತು 1928ರ ಕೆಲವೇ ತಟ್ಟೆಗಳು.

1974ರಲ್ಲಿ ಬೇಯ್ಲಿಯವರು ಮತ್ತೆ ಆಪ್ರಿಯ ವೇದಿಕೆಯನ್ನೇರಿದರು. ಆ ವರ್ಷದ ಡಿಸೆಂಬರ್ 14ರಂದು, ತಮ್ಮ 75ನೆಯ ಹುಟ್ಟುಹಬ್ಬದ ದಿನ, ಅಲ್ಲಿ ನುಡಿಸಿದರು. 1982ರ ಜುಲೈ 2ರಂದು ನ್ಯಾಶ್‌ವಿಲ್ಲಿನಲ್ಲಿ ಅವರು ಕಾಲವಾದರು. ಮರುವರ್ಷ ಗ್ರೀನ್‌ವುಡ್ ಶ್ಮಶಾನದಲ್ಲಿ ಅವರ ಸಮಾಧಿಗೆ ಸ್ಮಾರಕಶಿಲೆಯನ್ನು ನಿಲ್ಲಿಸಿದಾಗ ರಾಯ್ ಏಕಫ್ ಮತ್ತು ಬಿಲ್ ಮನ್ರೋ ಬಂದು ಗೌರವ ಸಲ್ಲಿಸಿದರು. ಕಂಟ್ರಿ ಸಂಗೀತದ ಕೀರ್ತಿಭವನದಲ್ಲಿ ಅವರ ಹೆಸರು ಸೇರಿದುದು 2005ರಲ್ಲಿ. ಅವರು ತೀರಿಕೊಂಡು 23 ವರ್ಷಗಳಾದ ಮೇಲೆ, ಆಪ್ರಿಯಿಂದ ಹೊರಬಿದ್ದು 64 ವರ್ಷಗಳಾದ ಮೇಲೆ.

ತಡವಾಗಿ ಬಂದ ಮನ್ನಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೇಯ್ಲಿಯವರ ಬಾಳು ಎತ್ತುವ ಪ್ರಶ್ನೆ ಮನ್ನಣೆಯಿಂದ ತೀರುವಂಥದಲ್ಲ. ಅವರ ಪಾಂಡಿತ್ಯಕ್ಕೆ ಸ್ವರಲಿಪಿಯಿರಲಿಲ್ಲ, ಪದವಿಪತ್ರವಿರಲಿಲ್ಲ. ಬೆರಳುಗಳ ಸಂದಿನಲ್ಲಿ ಗಾಳಿ ಎಷ್ಟು ಹೊರಹೋಗಬೇಕು, ಎಷ್ಟು ಒಳಗೇ ನಿಲ್ಲಬೇಕು ಎಂಬ ಅಳತೆಯೇ ಅವರ ಶಾಸ್ತ್ರ. ದೋಸೆಯ ಕಾವಲಿಯ ಕಾವನ್ನು ನೀರು ಚಿಮುಕಿಸಿ ತಿಳಿಯುವ ಭಟ್ಟರ ಕೈಗೂ, ಏಳೆಂಟು ಲೋಟಗಳನ್ನು ಒಂದೇ ಹಿಡಿತದಲ್ಲಿ ತರುವ ಹುಡುಗನ ಕೈಗೂ, ಅಂಕಿಗಳ ಮೇಲೆ ಬೆರಳಾಡಿಸಿದೊಡನೆ ತಪ್ಪನ್ನು ಹಿಡಿಯುವ ಗುಮಾಸ್ತರ ಕೈಗೂ ಇಂಥ ಅಳತೆಯುಂಟು. ಹಾಜರಿ ಪುಸ್ತಕದಲ್ಲಿ ಅದಕ್ಕೆ ಕಲಮಿಲ್ಲ. ಕಲಮಿಲ್ಲವೆಂದ ಮಾತ್ರಕ್ಕೆ ಅದು ಇಲ್ಲವೆಂದು ಯಜಮಾನರು ಭಾವಿಸುವುದು ಅನ್ಯಾಯ. ದುಡಿಯುವವರೇ ಹಾಗೆ ಭಾವಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ನಷ್ಟ. ಸೋಮಾರಿಯೆಂದು ಅಚ್ಚು ಹಾಕಿದ ಪುಸ್ತಕಕ್ಕೆ ಬೇಯ್ಲಿಯವರು ಲೇಖನಿಯಿಂದ ಉತ್ತರ ಬರೆಯಲಿಲ್ಲ. ಎಪ್ಪತ್ತೈದನೆಯ ವಯಸ್ಸಿನಲ್ಲಿ ಎರಡು ಕೈಗಳನ್ನು ಜೋಡಿಸಿ, ಮೆಲ್ಲನೆ ತೆರೆದು, ಅದೇ ರೈಲನ್ನು ಅದೇ ನಗರದಲ್ಲಿ ಇನ್ನೊಮ್ಮೆ ಓಡಿಸಿದರು.